ಮೊಣಕಾಲುದ್ದ ನೀರಿನಲ್ಲಿ ಮುಳುಗಿದ ಡೈವ್ ವಾಚು

150 ಮೀಟರ್ ಆಳದವರೆಗೆ ನೀರನ್ನು ತಡೆಯುತ್ತೇನೆ ಎಂದು ಮುಖದ ಮೇಲೇ ಬರೆದುಕೊಂಡಿದ್ದ ವಾಚೊಂದು, 2020ರ ಅಕ್ಟೋಬರ್‌ನಲ್ಲಿ ದಿಲ್‌ಸುಖ್‌ನಗರದ ನಮ್ಮ ಗಲ್ಲಿಯ ಮೊಣಕಾಲುದ್ದ ನೀರಿಗೆ ಸೋತು ನಿಂತುಹೋಯಿತು. ಹದಿಮೂರನೇ ತಾರೀಖಿನ ರಾತ್ರಿ ಸುರಿದ ಆ ಮಳೆಯನ್ನು ಹೈದರಾಬಾದಿನವರು ಮರೆತಿರಲಾರರು. ಸರೂರ್‌ನಗರದ ಕೆರೆಯ ಸುತ್ತಮುತ್ತಲ ಕಾಲೊನಿಗಳಿಗೆಲ್ಲ ನೀರು ನುಗ್ಗಿತ್ತು. ಕೆಳಮನೆಯವರ ಅಕ್ಕಿ ಚೀಲ, ಗ್ಯಾಸ್ ಸಿಲಿಂಡರು ಮೇಲೆ ಸಾಗಿಸುವಾಗ ನನ್ನ ಕೈ ಒಂದೆರಡು ಸಲ ನೀರಿನಲ್ಲಿ ಮುಳುಗಿತ್ತು, ಅಷ್ಟೇ. ಬೆಳಿಗ್ಗೆ ನೋಡಿದರೆ ಗಾಜಿನೊಳಗೆ ಮಂಜು ಕಟ್ಟಿ, ಮುಳ್ಳು ನಿಂತಿತ್ತು.

ಅದು ನನ್ನ ಸೋದರಮಾವನ ವಾಚು. ಬೀದರಿನಿಂದ ಗಲ್ಫಿಗೆ ಹೋಗಿದ್ದ ಅವರು ಅಲ್ಲಿಂದ ತಂದಿದ್ದ ಸೈಕೊ. ವಾರದ ಹೆಸರು ಒಂದು ದಿಕ್ಕಿನಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಅರಬ್ಬಿ. ಬೆನ್ನಿನ ಮೇಲಿನ ಸಂಖ್ಯೆ 2 ಮತ್ತು ಎನ್ ಅಕ್ಷರದಿಂದ ಶುರುವಾಗುತ್ತದೆ. ಸೈಕೊ ಲೆಕ್ಕದಲ್ಲಿ ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. 6309 ಯಂತ್ರದ ಈ ಡೈವ್ ವಾಚುಗಳು ತಯಾರಾದದ್ದು 1976ರಿಂದ 1988ರವರೆಗೆ. ಹಾಗಾಗಿ ಇದು 1982ರ ನವೆಂಬರ್‌ನದು. ಮಾವ ಎಂದೂ ಸಮುದ್ರಕ್ಕೆ ಇಳಿದವರಲ್ಲ. ಸುತ್ತಲಿನ ತಿರುಗುವ ಉಂಗುರವನ್ನು ಅವರು ಬಳಸುತ್ತಿದ್ದದ್ದು ಅನ್ನಕ್ಕಿಟ್ಟು ಎಷ್ಟು ಹೊತ್ತಾಯಿತು ಎಂದು ನೋಡಲಿಕ್ಕೆ.

ಅವರು ತೀರಿಕೊಂಡ ಮೇಲೆ ವಾಚು ನನಗೆ ಬಂತು. 2019ರಲ್ಲಿ ಮನೆ ಹತ್ತಿರದ ಒಂದು ಅಂಗಡಿಗೆ ಒಯ್ದು 'ಹೊಸದರ ಹಾಗೆ ಮಾಡಿಕೊಡಿ' ಎಂದೆ. ತಪ್ಪು ಅಲ್ಲೇ ಶುರುವಾದದ್ದು, ಮತ್ತು ಅದು ನನ್ನದೇ ತಪ್ಪು. ಅಂಗಡಿಯವನು ನಾನು ಕೇಳಿದ್ದನ್ನು ಅಕ್ಷರಶಃ ಮಾಡಿದ. ಮಾಸಿದ ಡಯಲ್ ಹೋಗಿ ಕುಚ್ಚುಗಪ್ಪು ಡಯಲ್ ಬಂತು. ಹೊಸ ಮುಳ್ಳು, ಹೊಸ ಉಂಗುರ, ಕನ್ನಡಿಯ ಹಾಗೆ ಪಾಲಿಶ್. ಮನೆಗೆ ತಂದು ಅಮ್ಮನಿಗೆ ತೋರಿಸಿದೆ. ತಿರುಗಿಸಿ ನೋಡಿ, 'ಚೆನ್ನಾಗಿದೆ, ಯಾರದಿದು?' ಎಂದಳು.

ಹಳೆಯ ಡಯಲ್ ತರಲು ಮರುದಿನ ಓಡಿದೆ. ಕಸಕ್ಕೆ ಹೋಗಿತ್ತು.

ಪ್ರವಾಹದ ನಂತರ ಕೋಠಿ ಕಡೆಯ ಹಿರಿಯರೊಬ್ಬರಲ್ಲಿಗೆ ಹೋದೆ. ಎಚ್‌ಎಂಟಿ ವಾಚುಗಳ ಮೇಲೆ ಕೈ ಪಳಗಿಸಿಕೊಂಡವರು. ಬೆನ್ನು ತಿರುವಿ ತೆಗೆದು, ಚಿಮುಟದಲ್ಲಿ ಕಪ್ಪಗಿನ ಒಂದು ಉಂಗುರ ಎತ್ತಿದರು. ಅದು ಎರಡು ತುಂಡಾಯಿತು. 'ಇದು ಗ್ಯಾಸ್ಕೆಟ್. ನಿಮ್ಮ ವಾಚಿನಷ್ಟೇ ವಯಸ್ಸು. ಇದನ್ನು ಯಾರೂ ಮುಟ್ಟೇ ಇಲ್ಲ' ಎಂದರು. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲಿಲ್ಲ.

ಡೈವ್ ವಾಚು ಎಂದರೆ ನಮಗೆ ದಪ್ಪ ಉಕ್ಕಿನ ಕವಚ, ದಪ್ಪ ಗಾಜು ನೆನಪಾಗುತ್ತವೆ. 1953ರಲ್ಲಿ ಬಂದ ಬ್ಲಾಂಪಾ ಮತ್ತು ರೋಲೆಕ್ಸ್ ಡೈವ್ ವಾಚುಗಳಿಂದ ಹಿಡಿದು 1965ರ ಸೈಕೊದ ಮೊದಲ ಡೈವ್ ವಾಚಿನವರೆಗೆ ಜಾಹೀರಾತು ಕೂಡ ಆ ಗಟ್ಟಿತನವನ್ನೇ ಮಾರಿದೆ. ಆದರೆ ನೀರನ್ನು ನಿಜವಾಗಿ ತಡೆಯುವುದು ಬೆನ್ನು, ಗಾಜು ಮತ್ತು ಕೀಲಿಗುಂಡಿಯ ಸಂದಿಗಳಲ್ಲಿ ಕೂತ ತೆಳು ರಬ್ಬರು. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. 150 ಮೀಟರ್ ಎಂದರೆ ಹದಿನೈದು ಪಟ್ಟು. ಹೊಸ ರಬ್ಬರು ಅದನ್ನು ತಾಳಿಕೊಳ್ಳುತ್ತದೆ. ಬೆವರು, ಸೋಪು, ಬಿಸಿಲು ಕಂಡು ಕಲ್ಲಾದ ರಬ್ಬರು ಬಕೆಟ್ ನೀರನ್ನೂ ತಾಳದು. ಡಯಲ್ ಮೇಲಿನ ಅಂಕಿ ವಾಚು ಹುಟ್ಟಿದ ದಿನದ ಮಾತು, ಇವತ್ತಿನದಲ್ಲ.

ಹಾಗಾದರೆ ನಾವು ಹಣ ಕೊಡುವುದು ಯಾವುದಕ್ಕೆ? ನನ್ನ ತಕರಾರು ಇರುವುದು ಇಲ್ಲಿ. ಕಾಣುವುದಕ್ಕೆ ಹಣ ಕೊಡುತ್ತೇವೆ, ಕಾಣದ್ದಕ್ಕೆ ಚೌಕಾಸಿ ಮಾಡುತ್ತೇವೆ. ಸರ್ವಿಸ್ ಎಂದರೆ ಯಂತ್ರವನ್ನು ಪೂರ್ತಿ ಬಿಚ್ಚಿ, ಒಣಗಿ ಅಂಟಾದ ಹಳೆ ಎಣ್ಣೆ ತೊಳೆದು, ಸವೆದದ್ದನ್ನು ಬದಲಿಸಿ, ಸೂಜಿಮೊನೆಯಷ್ಟು ಎಣ್ಣೆಯನ್ನು ಸರಿಯಾದ ಜಾಗಕ್ಕೆ ಇಟ್ಟು, ಮತ್ತೆ ಜೋಡಿಸಿ, ನಾಲ್ಕಾರು ದಿನ ನಡೆಸಿ ನೋಡುವುದು. ಡೈವ್ ವಾಚಾದರೆ ಕೊನೆಗೆ ಒತ್ತಡದ ಪರೀಕ್ಷೆ. ಇಷ್ಟೆಲ್ಲ ಮುಗಿದಾಗ ವಾಚು ಮೊದಲಿನ ಹಾಗೇ ಕಾಣುತ್ತದೆ. ಗಿರಾಕಿ 'ಇದಕ್ಕೆ ಇಷ್ಟೊಂದಾ?' ಅನ್ನುತ್ತಾನೆ. ಅದೇ ಗಿರಾಕಿ ಹೊಳೆಯುವ ಡಯಲ್‌ಗೆ ಮರುಮಾತಿಲ್ಲದೆ ದುಡ್ಡು ಎಣಿಸುತ್ತಾನೆ. ಅಂಗಡಿಯವನು ಯಾವುದನ್ನು ಕಲಿಯುತ್ತಾನೆ, ಹೇಳಿ?

ನಮ್ಮ ಕಡೆ ಇದರ ದೊಡ್ಡ ಉದಾಹರಣೆ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಎಚ್‌ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿತು. ಆಮೇಲೆ ಹಳೆಯ ಜನತಾ, ಪೈಲಟ್ ವಾಚುಗಳಿಗೆ ಬೇಡಿಕೆ ಬಂತು, ಜೊತೆಗೇ ಬಣ್ಣ ಬಳಿದ ಡಯಲ್‌ಗಳೂ ಬಂದವು. ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ 'ಅಪ್ಪನ ಕಾಲದ ವಾಚು' ಮಾರಾಟವಾಗುತ್ತಿದೆ. ಕೊಂಡವರು ಖುಷಿಯಾಗಿದ್ದಾರೆ, ಸರಿ. ಆದರೆ ಅದರೊಳಗಿನ ಯಂತ್ರ ತೊಳೆಯಿಸಿಕೊಂಡದ್ದು ಯಾವಾಗ ಎಂದು ಕೇಳಿ ನೋಡಿ.

'ನನ್ನ ವಾಚು, ನನ್ನಿಷ್ಟ. ಮಾಸಿದ್ದನ್ನು ಯಾಕೆ ಕಟ್ಟಿಕೊಳ್ಳಲಿ?' ಎಂದು ನೀವು ಕೇಳಬಹುದು. ನ್ಯಾಯವೇ. ವಾಚು ದೇವರ ವಿಗ್ರಹವಲ್ಲ. ತುಕ್ಕು ತಿಂದ ಮುಳ್ಳು ಯಂತ್ರದೊಳಗೆ ಉದುರುತ್ತಿದ್ದರೆ ಬದಲಿಸಲೇಬೇಕು. ನಾನು ಹೇಳುವುದು ಇಷ್ಟು: ಹಿಂದಕ್ಕೆ ತರಲಾಗದ್ದನ್ನು ಕೊನೆಗೆ ಮಾಡಿ. ಗ್ಯಾಸ್ಕೆಟ್ ಬದಲಿಸಿದರೆ ಏನೂ ಕಳೆಯುವುದಿಲ್ಲ, ಮತ್ತೆ ಬದಲಿಸಬಹುದು. ಪಾಲಿಶ್‌ನಲ್ಲಿ ಸವೆದ ಉಕ್ಕಿನ ಅಂಚು ಮರಳುವುದಿಲ್ಲ, ಉಜ್ಜಿದ ಡಯಲ್ ಮರಳುವುದಿಲ್ಲ. ಉಜ್ಜುವುದು ಅಪಾಯಕಾರಿಯೂ ಹೌದು. 1960ರ ದಶಕಕ್ಕಿಂತ ಹಿಂದಿನ ಎಷ್ಟೋ ವಾಚುಗಳು ಕತ್ತಲಲ್ಲಿ ಹೊಳೆಯುತ್ತಿದ್ದದ್ದು ರೇಡಿಯಮ್‌ನಿಂದ. ಹೊಳಪು ಸತ್ತಿರಬಹುದು, ಆದರೆ ರೇಡಿಯಮ್ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಅದರ ಪುಡಿ ರಿಪೇರಿಯವನ ಉಸಿರಿಗೆ ಹೋಗಬಾರದು.

ಹಾಗಾಗಿ ನಿಮ್ಮ ಮನೆಯಲ್ಲೂ ಇಂಥದ್ದೊಂದು ವಾಚಿದ್ದರೆ, 'ಹೊಸದರ ಹಾಗೆ ಮಾಡಿ' ಎನ್ನಬೇಡಿ. ಗ್ಯಾಸ್ಕೆಟ್‌ಗಳೆಲ್ಲ ಹೊಸದೇ, ಒತ್ತಡದ ಪರೀಕ್ಷೆ ಆಯಿತೇ ಎಂದು ಕೇಳಿ. ತೆಗೆದ ಭಾಗಗಳನ್ನೆಲ್ಲ ಒಂದು ಪೊಟ್ಟಣದಲ್ಲಿ ಕೊಡಿ ಎಂದು ಮೊದಲೇ ಹೇಳಿ. ನೀರು ಹೊಕ್ಕರೆ ಅಕ್ಕಿ ಡಬ್ಬಿಯಲ್ಲಿಟ್ಟು ಕಾಯಬೇಡಿ. ತುಕ್ಕು ಕಾಯುವುದಿಲ್ಲ, ಅವತ್ತೇ ಬಿಚ್ಚಿಸಿ. ಬಿಲ್ ಬಂದಾಗ ಆ ಮನುಷ್ಯ ಭೂತಗಾಜಿಗೆ ಕಣ್ಣಿಟ್ಟು ಕೂತ ಗಂಟೆಗಳನ್ನು ನೆನೆಸಿಕೊಳ್ಳಿ. ದಿಲ್‌ಸುಖ್‌ನಗರದ ರಸ್ತೆಗೆ ಬಂದರೆ ಹೆಜ್ಜೆಗೊಂದು ಕೋಚಿಂಗ್ ಸೆಂಟರ್, ಎರಡು ಹೆಜ್ಜೆಗೊಂದು ಮೊಬೈಲ್ ರಿಪೇರಿ. ವಾಚಿನ ಮೇಜಿನ ಪಕ್ಕ ಕೂತು ಕಲಿಯುವ ಹುಡುಗರು ಕಾಣುವುದಿಲ್ಲ. ಕೋಠಿಯ ಹಿರಿಯರ ಪಕ್ಕದ ಸ್ಟೂಲ್ ಕೂಡ ಖಾಲಿ. ಅದಕ್ಕೆ ನಮ್ಮ ಚೌಕಾಸಿಯೂ ಕಾರಣ.

ಮೂರು ವಾರಗಳ ನಂತರ ವಾಚು ಕೈಗೆ ಬಂತು. ಈ ಯಂತ್ರಕ್ಕೆ ಗುಂಡಿ ತಿರುಗಿಸಿ ಕೀಲಿ ಕೊಡುವ ಸೌಕರ್ಯವಿಲ್ಲ, ಕೈ ಆಡಿಸಿದರೆ ನಡೆಯುತ್ತದೆ. ಹಿರಿಯರು ಅದನ್ನು ಮೆಲ್ಲಗೆ ಆಡಿಸಿ ಕೊಟ್ಟು, ಒತ್ತಡದ ಪರೀಕ್ಷೆಯಲ್ಲಿ ಪಾಸಾಗಿದೆ ಎಂದರು. 'ಹಾಗಾದರೆ ಈಜಬಹುದಾ?' ಎಂದೆ. 'ನೀವು ಈಜಿ. ಇದಕ್ಕೆ ವಯಸ್ಸಾಗಿದೆ, ದಡದಲ್ಲಿ ಕೂರಿಸಿ' ಎಂದರು.

ಮಾವನ ಡಯಲ್ ಇಲ್ಲ. ಈಗಿರುವ ಹೊಳೆಯುವ ಮುಖವನ್ನು ಬದಲಿಸಲು ನಾನು ಹೋಗಿಲ್ಲ. ಇನ್ನೊಂದು ವಾಚಿನ ಹಳೆಯ ಡಯಲ್ ಹುಡುಕಿ ಹಾಕಿಸಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. ಒಡೆದ ಆ ಗ್ಯಾಸ್ಕೆಟ್‌ನ ಎರಡು ತುಂಡು ಮಾತ್ರ ಪೊಟ್ಟಣದಲ್ಲಿವೆ. ಅಮ್ಮನಿಗೆ ತೋರಿಸಿದೆ. ಈ ಸಲ ಯಾರದು ಎಂದು ಅವಳು ಕೇಳಲಿಲ್ಲ.