ನೋಡುವವರೂ ನೋಟಕ್ಕೆ ಬಿದ್ದವರೂ

ಕಲಬುರಗಿ ಎಪಿಎಂಸಿಯಲ್ಲಿ ತೊಗರಿ ದರ ಇದ್ದಕ್ಕಿದ್ದಂತೆ ಇಳಿದರೆ, ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತ ರೈತರು ಕಾರಣಕ್ಕಾಗಿ ಬಹಳ ತಡಕಾಡುವುದಿಲ್ಲ. ‘ಬರ್ಮಾ ಮಾಲ್ ಬಂದದಂತ್ರೀ’ ಎಂಬ ಮಾತು ಆಳಂದದವರ ಬಾಯಲ್ಲೂ ಬರುತ್ತದೆ, ಜೇವರ್ಗಿಯವರ ಬಾಯಲ್ಲೂ. ಮಾತು ಸುಳ್ಳಲ್ಲ. ಮ್ಯಾನ್ಮಾರ್‌ನ ತೊಗರಿಯಲ್ಲಿ ಬಹುಪಾಲು ಭಾರತಕ್ಕೆಂದೇ ಬೆಳೆದದ್ದು. ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳಿಂದಲೂ ಹಡಗಿನಲ್ಲಿ ಬರುತ್ತದೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ದಿಲ್ಲಿಗೆ ಗಾಬರಿಯಾಯಿತು. 2016ರ ಜುಲೈನಲ್ಲಿ ಮೊಜಾಂಬಿಕ್ ಜೊತೆ ಐದು ವರ್ಷಗಳ ಖರೀದಿ ಒಪ್ಪಂದವಾಯಿತು. ಅದೇ ಮುಂಗಾರಿನಲ್ಲಿ ನಮ್ಮ ರೈತರೂ ಹಿಂದಿನ ವರ್ಷದ ದರ ನೋಡಿ ತೊಗರಿಯನ್ನೇ ಬಿತ್ತಿದರು. ಮಳೆ ಕೈಹಿಡಿಯಿತು, ಫಸಲು ದಾಖಲೆ ಮುಟ್ಟಿತು, ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯ ದರ ಅದಕ್ಕಿಂತ ಕೆಳಗೆ ಬಿತ್ತು. 2017ರ ಆಗಸ್ಟ್‌ನಲ್ಲಿ ಸರ್ಕಾರ ತೊಗರಿ ಆಮದಿಗೆ ಮಿತಿ ಹಾಕಿತು. ಆ ಹೊತ್ತಿಗೆ, ಭಾರತ ಕೊಳ್ಳುತ್ತದೆಂದು ನಂಬಿ ಬಿತ್ತಿದ ಆಫ್ರಿಕಾದ ಸಣ್ಣ ರೈತರ ಮನೆಯಲ್ಲೂ ಮಾಲು ಬಿದ್ದಿತ್ತು, ಕೊಳ್ಳುವವರಿರಲಿಲ್ಲ.

ಒಂದೇ ಕಾಳು, ಒಂದೇ ಕಾಲ. ಎರಡು ಖಂಡಗಳ ರೈತರು ಒಬ್ಬರ ಮುಖ ಒಬ್ಬರು ಕಾಣದೆಯೇ ಒಟ್ಟಿಗೆ ಕೆಟ್ಟರು. ಜಾಗತಿಕ ಸಮಸ್ಯೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಆದರೆ ಜಾಗತಿಕ ಸಮಸ್ಯೆಗಳಿಗೇ ಮೀಸಲಾದ ಅಂತರರಾಷ್ಟ್ರೀಯ ಟಿ.ವಿ. ಸಾಕ್ಷ್ಯಚಿತ್ರಗಳಲ್ಲಿ, ವಾರಕ್ಕೊಮ್ಮೆ ಬರುವ ಮ್ಯಾಗಜಿನ್ ಕಾರ್ಯಕ್ರಮಗಳಲ್ಲಿ ಇಂಥ ಕಥೆ ಸಿಗುವುದು ಅಪರೂಪ. ಅಲ್ಲಿ ಬರ ಒಂದು ಕಂತು, ವಲಸೆ ಇನ್ನೊಂದು ಕಂತು, ಹಸಿವು ಮತ್ತೊಂದು. ಡ್ರೋನ್ ಮೇಲಿನಿಂದ ಬಿರುಕು ಬಿಟ್ಟ ಎರೆಭೂಮಿಯನ್ನು ತೋರಿಸುತ್ತದೆ, ಕೊಡ ಹೊತ್ತ ಹೆಂಗಸೊಬ್ಬಳು ಹಾಯುತ್ತಾಳೆ, ಅವಳ ಮಾತು ಎರಡು ವಾಕ್ಯ ಕೇಳಿಸುವಷ್ಟರಲ್ಲಿ ಅದರ ಮೇಲೆ ಇಂಗ್ಲಿಷ್ ದನಿ ಹಾಸಿಕೊಳ್ಳುತ್ತದೆ. ಆ ದನಿ ಹೇಳುವುದು ಸುಳ್ಳಾಗಿರಬೇಕೆಂದಿಲ್ಲ. ನನ್ನ ತಕರಾರಿರುವುದು ಮುಂದಿನ ಹಂತದ ಬಗ್ಗೆ. ಆ ಹೆಂಗಸು ಆ ಕಂತನ್ನು ನೋಡುತ್ತಾಳೆಯೇ? ನೋಡಿದರೆ ತಿಳಿಯುತ್ತದೆಯೇ? ‘ಹಂಗಲ್ಲ, ಹಿಂಗ’ ಎನ್ನಲು ಜಾಗವಿದೆಯೇ? ಮೂರಕ್ಕೂ ಇಲ್ಲ ಎಂಬುದೇ ಉತ್ತರವಾದರೆ ಆ ಕಾರ್ಯಕ್ರಮ ಎಷ್ಟೇ ನಿಜ ಹೇಳಲಿ, ಅರ್ಧ ಮಾತ್ರ ತಯಾರಾಗಿದೆ ಎಂಬುದು ನನ್ನ ವಾದ.

ಈ ವಾದವನ್ನು ಕಲಬುರಗಿ, ಅಂದರೆ ಆಗಿನ ಗುಲ್ಬರ್ಗಾ, ಜಿಲ್ಲೆಯಿಂದ ಮಾಡುವುದಕ್ಕೆ ಒಂದು ಹಕ್ಕಿದೆ. ಬೆಂಗಳೂರಿನವರು ಮನೆಯಲ್ಲಿ ಟಿ.ವಿ. ಕಾಣುವ ಮೊದಲೇ ಈ ಸೀಮೆ ಜಗತ್ತಿನ ಟಿ.ವಿ. ಪ್ರಯೋಗಶಾಲೆಯಾಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿತ್ತು. 1969ರಲ್ಲಿ ವಿಕ್ರಮ್ ಸಾರಾಭಾಯಿ ಕುದುರಿಸಿದ ಒಪ್ಪಂದ ಅದು. ಅವರು ಅದನ್ನು ನೋಡಲು ಉಳಿಯಲಿಲ್ಲ. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದರು, ಕರ್ನಾಟಕದಿಂದ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಅರ್ಹತೆ ಹಿಂದುಳಿದಿರುವಿಕೆ. ಹಿಂದುಳಿದದ್ದಕ್ಕೆ ಬಹುಮಾನ ಸಿಕ್ಕಿದ್ದು ಈ ಭಾಗದ ಚರಿತ್ರೆಯಲ್ಲಿ ಅದೊಂದೇ ಸಲ ಇರಬೇಕು.

ಉಪಗ್ರಹ ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿತ್ತು. ಹಳ್ಳಿಯಲ್ಲಿ ಅದನ್ನು ಹಿಡಿಯುತ್ತಿದ್ದದ್ದು ಹತ್ತು ಅಡಿ ಅಗಲದ ಛತ್ರಿ. ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯನ್ನು ಚೌಕಟ್ಟಿಗೆ ಬಿಗಿದು ಮಾಡಿದ್ದು. ಕರೆಂಟ್ ಇಲ್ಲದ ಊರುಗಳಲ್ಲಿ ಬ್ಯಾಟರಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಬಯಲಲ್ಲಿ ಕೂತ ಊರಿಗೆಲ್ಲ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ದನಿಗಳನ್ನು ಕಳಿಸುವ ಸೌಕರ್ಯವೂ ಆ ಉಪಗ್ರಹದಲ್ಲಿತ್ತು. ಪ್ರಯೋಗದ ನೆಪದಲ್ಲಿ ಶ್ರೀಲಂಕಾದಲ್ಲಿದ್ದ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅವರ ಮನೆಗೂ ಇಂಥದೇ ಒಂದು ಛತ್ರಿ ಹಾಕಿಕೊಟ್ಟಿದ್ದರು. ಜಗತ್ತಿನ ಸಂವಹನ ಪಂಡಿತರೆಲ್ಲ ಈ ಹಳ್ಳಿಗಳತ್ತ ತಿರುಗಿ ನೋಡಿದರು. ಸಮಾಜವಿಜ್ಞಾನಿಗಳು ಊರಲ್ಲೇ ಬೀಡುಬಿಟ್ಟು ಯಾರು ಬಂದರು, ಎಷ್ಟು ಹೊತ್ತು ಕೂತರು, ಏನು ಕಲಿತರು ಎಂದು ಬರೆದುಕೊಂಡರು. ಹಳ್ಳಿಗರು ಒಟ್ಟೊಟ್ಟಿಗೆ ಎರಡು ಕೆಲಸ ಮಾಡುತ್ತಿದ್ದರು: ಟಿ.ವಿ. ನೋಡುವುದು, ಟಿ.ವಿ. ನೋಡುವುದನ್ನು ನೋಡಿಸಿಕೊಳ್ಳುವುದು.

ಕಾರ್ಯಕ್ರಮಗಳು ಎಲ್ಲಿ ತಯಾರಾಗುತ್ತಿದ್ದವು? ಕನ್ನಡದವೂ ತೆಲುಗಿನವೂ ಹೈದರಾಬಾದಿನಲ್ಲಿ. ಜೊತೆಗೆ ಎಲ್ಲ ಆರು ರಾಜ್ಯಗಳಿಗೂ ಅರ್ಧ ಗಂಟೆ ದಿಲ್ಲಿಯ ಹಿಂದಿ ಕಾರ್ಯಕ್ರಮ. ಪ್ರಯೋಗ ಶುರುವಾಗುವ ಐದು ವಾರ ಮೊದಲಷ್ಟೇ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು ಎಂಬುದನ್ನು ನೆನೆದರೆ, ಆ ಅರ್ಧ ಗಂಟೆ ಯಾರ ಗುಣಗಾನಕ್ಕೆ ಒದಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕಾಲದಲ್ಲಿ, ಸೈಟ್ ನಡೆಸುತ್ತಿದ್ದ ಇಸ್ರೋ ಸಂಸ್ಥೆಯೇ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಬೇರೆಯದೇ ಕೆಲಸ ಮಾಡುತ್ತಿತ್ತು. ಪಿಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್. ಆ ಸುತ್ತಿನ ಜನರೇ ಕಥೆ ಕೊಟ್ಟರು, ತಾವೇ ಪಾತ್ರ ಮಾಡಿದರು, ತಮ್ಮ ಆಡುಮಾತಿನಲ್ಲೇ ಕೂಲಿ, ಅಸ್ಪೃಶ್ಯತೆ, ದುಡ್ಡು ತಿನ್ನುವ ಅಧಿಕಾರಿಗಳ ಬಗ್ಗೆ ಮಾತಾಡಿದರು. ಯುನೆಸ್ಕೊ ಆ ಯೋಜನೆಗೆ ಗ್ರಾಮೀಣ ಸಂವಹನದ ಪ್ರಶಸ್ತಿ ಕೊಟ್ಟಿತು. ಗುಲ್ಬರ್ಗಾಕ್ಕೆ ಆಕಾಶದಿಂದ ಬಂದದ್ದು 1976ರ ಜುಲೈ ಕೊನೆಗೆ ಆಕಾಶದಲ್ಲೇ ಹೊರಟುಹೋಯಿತು. ಉಪಗ್ರಹ ಅಮೆರಿಕದ ಕೆಲಸಕ್ಕೆ ಮರಳಿತು. 1977ರಲ್ಲಿ ಗುಲ್ಬರ್ಗಾಕ್ಕೊಂದು ಟ್ರಾನ್ಸ್‌ಮಿಟರ್ ಬಂತು ನಿಜ, 1981ರಲ್ಲಿ ಶುರುವಾದ ಬೆಂಗಳೂರು ದೂರದರ್ಶನಕ್ಕಿಂತ ನಾಲ್ಕು ವರ್ಷ ಮೊದಲೇ. ಖೇಡಾದಲ್ಲಿ ಆದದ್ದು ಮಾತ್ರ ಇಲ್ಲಿ ಆಗಲಿಲ್ಲ. ಖೇಡಾದ ಜನ ಹೆಚ್ಚು ಬುದ್ಧಿವಂತರೆಂದಲ್ಲ. ಅಲ್ಲಿ ಸ್ಟುಡಿಯೊ ಅಹಮದಾಬಾದಿನಲ್ಲಿ, ಒಂದು ಬಸ್ಸಿನ ದಾರಿಯಲ್ಲಿತ್ತು. ಇಲ್ಲಿಯವರಿಗೆ ಸ್ಟುಡಿಯೊ ಇನ್ನೊಂದು ರಾಜ್ಯದಲ್ಲಿತ್ತು.

ಇಷ್ಟು ಹೇಳಿದರೆ, ‘ಹಾಗಾದರೆ ಹೊರಗಿನ ಕ್ಯಾಮೆರಾ ಬೇಡ, ನಮ್ಮದು ನಾವೇ ತೋರಿಸಿಕೊಳ್ಳೋಣ’ ಎಂಬ ತೀರ್ಮಾನಕ್ಕೆ ಬರುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಊರಲ್ಲೇ ಇರುವ ವರದಿಗಾರ ನಾಳೆಯೂ ಅದೇ ಗೌಡರ ಮನೆ ಮುಂದೆ ಹಾಯಬೇಕು, ಅದೇ ಶಾಸಕರ ಜಾಹೀರಾತು ಪಡೆಯಬೇಕು. ದಲಿತರ ಕೇರಿಗೆ ನೀರು ಬರದ ಸುದ್ದಿಯನ್ನು ಅವನು ತೋರಿಸಲಾರದ ಹೊತ್ತಿನಲ್ಲಿ ಯಾವ ಹಂಗೂ ಇಲ್ಲದ ಪರದೇಶಿ ಕ್ಯಾಮೆರಾ ತೋರಿಸಬಹುದು. ಹೊರಗಿನವರ ಕಣ್ಣಿಗೆ ಬೆಲೆಯಿರುವುದು ಅಲ್ಲಿ.

ಆ ಕಣ್ಣಿಗೆ ಹೆದರುವವರು ಯಾರೆಂದು ನೋಡಿದರೂ ಇದು ತಿಳಿಯುತ್ತದೆ. 1960ರ ನವೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್, ‘ಹಾರ್ವೆಸ್ಟ್ ಆಫ್ ಶೇಮ್’ ಎಂಬ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. ಊರಿಂದೂರಿಗೆ ಲಾರಿಯಲ್ಲಿ ತುಂಬಿಸಿಕೊಂಡು ಹೋಗುವ ಹೊಲಗೂಲಿಗಳ ಬದುಕು ಅದು. ಸುಗ್ಗಿ ಮುಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವ ಅಫಜಲಪುರ, ಜೇವರ್ಗಿಯ ಕುಟುಂಬಗಳು ಅದನ್ನು ಕಂಡರೆ ಭಾಷೆ ಬಾರದೆಯೂ ಅರ್ಧ ಅರ್ಥವಾದೀತು. ಅದನ್ನು ನಿರೂಪಿಸಿದವರು ಎಡ್ವರ್ಡ್ ಮರೊ. ಮರುವರ್ಷ ಅವರು ಅಮೆರಿಕ ಸರ್ಕಾರದ ಪ್ರಚಾರ ಸಂಸ್ಥೆಯ ಮುಖ್ಯಸ್ಥರಾದರು. ಆದವರೇ ಮಾಡಿದ ಒಂದು ಕೆಲಸ: ಆ ಚಿತ್ರವನ್ನು ಬ್ರಿಟನ್ನಿನಲ್ಲಿ ತೋರಿಸಬೇಡಿ ಎಂದು ಬಿಬಿಸಿಯನ್ನು ಕೇಳಿಕೊಂಡದ್ದು. ಬಿಬಿಸಿ ಕೇಳಲಿಲ್ಲ. ಒಂಬತ್ತು ವರ್ಷದ ಮೇಲೆ ನಾವೂ ಅದೇ ದಾರಿ ಹಿಡಿದೆವು. ಫ್ರಾನ್ಸಿನ ಲೂಯಿ ಮಾಲ್ ಭಾರತದ ಬಗ್ಗೆ ಮಾಡಿದ ‘ಫ್ಯಾಂಟಮ್ ಇಂಡಿಯಾ’ ಸರಣಿಯನ್ನು 1970ರಲ್ಲಿ ಬಿಬಿಸಿ ತೋರಿಸಿದ್ದಕ್ಕೆ ಸಿಟ್ಟಾದ ಸರ್ಕಾರ ಬಿಬಿಸಿಯ ದಿಲ್ಲಿ ಕಚೇರಿಯನ್ನೇ ಮುಚ್ಚಿಸಿತು.

ಎರಡೂ ಜಗಳಗಳಲ್ಲಿ ದೇಶದ ಮಾನದ ಮಾತು ಬಂತು. ಅಮೆರಿಕದ ಆ ಹೊಲಗೂಲಿಗಳಿಗಾಗಲಿ, ಮಾಲ್ ಕ್ಯಾಮೆರಾದ ಮುಂದೆ ನಿಂತ ಭಾರತೀಯರಿಗಾಗಲಿ ಚಿತ್ರವನ್ನು ತೋರಿಸಿ, ನಿಮಗೇನನ್ನಿಸಿತು ಎಂದು ಕೇಳುವ ಯೋಚನೆ ಸಿಟ್ಟಾದ ಸರ್ಕಾರಕ್ಕೂ ಹೊಳೆಯಲಿಲ್ಲ, ಬೀಗಿದ ಟಿ.ವಿ.ಗೂ ಹೊಳೆಯಲಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ ತಪ್ಪು ಹೊರಗಿನವರದೊಂದೇ ಅಲ್ಲ. ಆಳಂದ ತಾಲ್ಲೂಕು ಮಹಾರಾಷ್ಟ್ರದ ಅಂಚಿನಲ್ಲಿದೆ. ಆಚೆ ಉಮರ್ಗಾ, ಅಕ್ಕಲಕೋಟೆ. ಜಿಲ್ಲೆಯ ಪೂರ್ವದ ಗಡಿ ದಾಟಿದರೆ ತೆಲಂಗಾಣ. 2017ರಲ್ಲಿ ಬಿಬಿಸಿ ಮರಾಠಿಯಲ್ಲೂ ತೆಲುಗಿನಲ್ಲೂ ಸೇವೆ ಆರಂಭಿಸಿತು. ತೆಲುಗಿನಲ್ಲಿ ‘ಬಿಬಿಸಿ ಪ್ರಪಂಚಂ’ ಎಂಬ ಟಿ.ವಿ. ಕಾರ್ಯಕ್ರಮವೇ ಬಂತು. ಕನ್ನಡದಲ್ಲಿ ಬರಲಿಲ್ಲ. ಹಾಗೆಂದು ದೂರುವ ಮೊದಲು 2012ನ್ನು ನೆನೆಯಬೇಕು. ಹೆಣ್ಣುಭ್ರೂಣ ಹತ್ಯೆ, ವರದಕ್ಷಿಣೆ, ಜಾತಿ ಇವನ್ನೆಲ್ಲ ಭಾನುವಾರ ಬೆಳಿಗ್ಗೆ ಮನೆಯೊಳಗೆ ತಂದ ಅಮೀರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಕ್ಕೆಲ್ಲ ಡಬ್ ಆಯಿತು. ಕನ್ನಡಕ್ಕೆ ಬೇಡ ಎಂದವರು ನಮ್ಮವರೇ, ಡಬ್ಬಿಂಗ್ ವಿರೋಧದ ಹೆಸರಿನಲ್ಲಿ. ಆಳಂದದ ಗಂಡಸರು ಹಿಂದಿಯಲ್ಲೇ ನೋಡಿದರು. ಪೇಟೆಯಲ್ಲಿ ದಖನಿ ಆಡುವವರಿಗೆ ಅದೇನು ಕಷ್ಟವಲ್ಲ. ಯಾರಿಗಾಗಿ ಆ ಕಂತುಗಳು ತಯಾರಾಗಿದ್ದವೋ ಆ ಹಳ್ಳಿಯ ಹೆಂಗಸರಿಗೆ ಅವು ಕನ್ನಡದಲ್ಲಿ ಸಿಗಲಿಲ್ಲ. ಈ ಅಘೋಷಿತ ನಿಷೇಧದ ವಿರುದ್ಧ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ಆಮೇಲೆ, 2020ರಲ್ಲಿ ಡೇವಿಡ್ ಆಟನ್‌ಬರೊ ಇಂಗ್ಲಿಷಿನಲ್ಲಿ ನಿರೂಪಿಸಿದ ‘ವೈಲ್ಡ್ ಕರ್ನಾಟಕ’ ಡಿಸ್ಕವರಿಯಲ್ಲಿ ಬಂದಾಗ ಕನ್ನಡಕ್ಕೆ ರಿಷಬ್ ಶೆಟ್ಟಿ ದನಿ ಕೊಟ್ಟರು. ಚೆಂದದ ಚಿತ್ರ. ಕರ್ನಾಟಕದ ಹುಲಿ, ಆನೆ, ನೀರುನಾಯಿಗಳು ಜಾಗತಿಕ ಟಿ.ವಿ.ಯಲ್ಲಿ ಕನ್ನಡ ಸಂಪಾದಿಸಿಕೊಂಡವು. ತೊಗರಿ ರೈತರ ಸರದಿ ಇನ್ನೂ ಬಂದಿಲ್ಲ.

ಕನ್ನಡ ಬಂದರೂ ಸಾಲದು ಎಂಬುದನ್ನು ಸೇರಿಸಬೇಕು. ಈಗ ಯಂತ್ರವೇ ಡಬ್ ಮಾಡುತ್ತದೆ, ಮೊಬೈಲಿನಲ್ಲಿ ಜರ್ಮನ್ ವಾಹಿನಿಯ ಸಾಕ್ಷ್ಯಚಿತ್ರಕ್ಕೂ ಕನ್ನಡ ಅಕ್ಷರ ಮೂಡಿಸಬಹುದು. ಆದರೆ ನೋಟದ ಕ್ರಮ ಬದಲಾಗದಿದ್ದರೆ ಕನ್ನಡದಲ್ಲಿ ಸಿಗುವುದೂ ಅದೇ ಬಿರುಕು ಬಿಟ್ಟ ನೆಲ. ನೆಟೆ ರೋಗವನ್ನೇ ತೆಗೆದುಕೊಳ್ಳಿ. 2022-23ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿಯನ್ನು ಅದು ಹಾಳುಮಾಡಿತು. ಹೂವು, ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಬಾಡುತ್ತದೆ. ನೀರು ಸಾಲದೇನೋ ಎಂದು ಮೊದಲು ಅನ್ನಿಸುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿದರೆ ಸಿಪ್ಪೆಯ ಕೆಳಗೆ ಕಪ್ಪು ಗೆರೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಏರಿ ನೀರು ಹರಿಯುವ ನಾಳಗಳನ್ನೇ ಕಟ್ಟಿರುತ್ತದೆ. ವರ್ಷ ವರ್ಷ ಅದೇ ಹೊಲಕ್ಕೆ ಅದೇ ಬೆಳೆ ಹಾಕಿದರೆ ಅದು ಮಣ್ಣಿನಲ್ಲಿ ಹೆಚ್ಚುತ್ತದೆ. ಅದೇ ಬೆಳೆ ಏಕೆ ಹಾಕುತ್ತಾರೆ ಎಂದು ಕೇಳಿದರೆ ಮಾತು ದರಕ್ಕೆ, ದರದಿಂದ ಆಮದು ನೀತಿಗೆ, ಅಲ್ಲಿಂದ ಮ್ಯಾನ್ಮಾರ್‌ಗೆ ಹೋಗುತ್ತದೆ. ಇದನ್ನು ‘ಹವಾಮಾನ ವೈಪರೀತ್ಯಕ್ಕೆ ಬಲಿಯಾದ ರೈತ’ ಎಂದು ಎಂಟು ನಿಮಿಷದಲ್ಲಿ ಮುಗಿಸಬಹುದು; ಕ್ಯಾಮೆರಾಕ್ಕೆ ಬೇಕಾದ ಒಣ ಗಿಡ ಹೇಗೂ ಸಿಗುತ್ತದೆ.

ಭೀಮಾ ನದಿಯದೂ ಹೀಗೆಯೇ. 2020ರ ಅಕ್ಟೋಬರ್‌ನಲ್ಲಿ ಅದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಮಳೆ ಅತಿಯಾಗಿತ್ತು, ಸರಿ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಜಲಾಶಯವಿದೆ, ಇಲ್ಲಿ ಸೊನ್ನದ ಬ್ಯಾರೇಜಿದೆ; ಯಾವ ಗೇಟು ಯಾವಾಗ ತೆರೆಯಿತು, ಕೆಳಗಿನವರಿಗೆ ಎಷ್ಟು ಹೊತ್ತು ಮೊದಲು ಗೊತ್ತಾಯಿತು ಎಂಬುದೂ ಪ್ರವಾಹದ ಭಾಗವೇ. ಬೇಸಿಗೆಯಲ್ಲಿ ಅದೇ ನದಿ ಬತ್ತಿ, ಮೇಲಿನವರು ನೀರು ಬಿಡಲಿ ಎಂದು ಅಫಜಲಪುರದಲ್ಲಿ ಧರಣಿ ಕೂರುತ್ತಾರೆ. ಎರಡು ರಾಜ್ಯಗಳ ನಡುವಿನ ನೀರಿನ ಲೆಕ್ಕವನ್ನು ಬಿಟ್ಟು ಬರೀ ಆಕಾಶವನ್ನು ದೂರುವ ಕಂತು ಸರ್ಕಾರಗಳಿಗೆ ಬಹಳ ಹಿತವಾಗುತ್ತದೆ. ದಂಡೆಯ ಮೇಲಿನ ಯಾವ ರೈತನನ್ನು ಕೇಳಿದ್ದರೂ ಇದು ಮೊದಲ ಮಾತಿನಲ್ಲೇ ಬರುತ್ತಿತ್ತು. ಕೇಳಿರುತ್ತಾರೆ ಕೂಡ; ಎಡಿಟಿಂಗ್‌ನಲ್ಲಿ ಉಳಿಯುವುದು ಅವನ ಕಣ್ಣೀರು, ಹೋಗುವುದು ಅವನ ವಾದ.

ಬೇರೆ ರೀತಿ ಮಾಡಲು ಸಾಧ್ಯ ಎಂಬುದಕ್ಕೆ ಕೆನಡಾದಲ್ಲಿ ಹಳೆಯ ಸಾಕ್ಷಿಯಿದೆ. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಕಾಲಿನ್ ಲೋ, ಫೋಗೊ ಎಂಬ ಮೀನುಗಾರರ ದ್ವೀಪಕ್ಕೆ ಹೋದರು. ಆ ಜನರನ್ನು ದ್ವೀಪದಿಂದ ಎಬ್ಬಿಸಿ ಬೇರೆಡೆ ಕೂರಿಸುವ ಮಾತು ನಡೆದಿತ್ತು. ಲೋ ಒಂದೇ ದೊಡ್ಡ ಚಿತ್ರದ ಬದಲು ಹಲವು ಸಣ್ಣ ಚಿತ್ರಗಳನ್ನು ಮಾಡಿದರು. ಒಂದೊಂದರಲ್ಲೂ ಒಬ್ಬರ, ಇಲ್ಲವೆ ಒಂದು ಗುಂಪಿನ ಮಾತು. ಮೊದಲು ಮಾತಾಡಿದವರಿಗೇ ತೋರಿಸಿ, ಇದು ಇರಲಿ, ಇದು ಬೇಡ ಎನ್ನುವ ಹಕ್ಕು ಕೊಟ್ಟರು. ಆಮೇಲೆ ದ್ವೀಪದ ಬೇರೆ ಬೇರೆ ಊರುಗಳಲ್ಲಿ ತೋರಿಸಿದರು. ಒಬ್ಬರಿಗೊಬ್ಬರು ದೂರವಿದ್ದ ಊರಿನವರಿಗೆ ತಮ್ಮ ತೊಂದರೆ ಒಂದೇ ಎಂದು ಹೊಳೆಯಿತು. ಕೊನೆಗೆ ಮಂತ್ರಿಗಳಿಗೂ ತೋರಿಸಿದರು. ಅವರ ಉತ್ತರವನ್ನೂ ಚಿತ್ರಿಸಿ ದ್ವೀಪಕ್ಕೆ ತಂದರು. ಜನ ಅಲ್ಲೇ ಉಳಿದರು, ಸಹಕಾರಿ ಸಂಘ ಕಟ್ಟಿದರು. ಸಿನಿಮಾ ಒಂದರಿಂದಲೇ ಇದೆಲ್ಲ ಆಯಿತೆಂದರೆ ಉತ್ಪ್ರೇಕ್ಷೆ. ಸಂಘಟಿಸುವವರು ಅಲ್ಲಿ ಮೊದಲೇ ಇದ್ದರು.

ಫೋಗೊದ ಊರುಗಳ ನಡುವೆ ಆದದ್ದು ಖಂಡಗಳ ನಡುವೆ ಏಕೆ ಆಗಬಾರದು? ಆಳಂದದ ತೊಗರಿ ರೈತ ಹೇಳಿದ್ದನ್ನು ಮೊಜಾಂಬಿಕ್‌ನ ರೈತನಿಗೆ ಅವನ ಭಾಷೆಯಲ್ಲಿ ತೋರಿಸಿ, ಅವನ ಉತ್ತರವನ್ನು ಇಲ್ಲಿಗೆ ಕನ್ನಡದಲ್ಲಿ ತರುವ ಕಾರ್ಯಕ್ರಮಕ್ಕೆ ಉಪಗ್ರಹದ ಎರವಲು ಬೇಡ, ನಾಸಾ ಬೇಡ. ಅವರಿಬ್ಬರೂ ಸ್ನೇಹಿತರಾಗುತ್ತಾರೆಂದು ನಾನು ನಂಬಿಲ್ಲ. ಆಮದು ನಿಲ್ಲಲಿ ಎಂದು ಇವನು, ನಡೆಯಲಿ ಎಂದು ಅವನು ಜಗಳವಾಡಬಹುದು. ಆಡಲಿ. ಇಷ್ಟು ವರ್ಷ ಅವರಿಬ್ಬರ ಪರವಾಗಿ ಆ ಜಗಳವನ್ನು ದಿಲ್ಲಿ, ಮುಂಬಯಿಯ ವ್ಯಾಪಾರಿಗಳೂ ಮಂತ್ರಾಲಯಗಳೂ ಆಡುತ್ತಿದ್ದವು, ಅದೂ ಬಾಗಿಲು ಹಾಕಿಕೊಂಡು.