ಮುರಿಯಬೇಕಾದ ಹಲ್ಲು

ಕಂದಪದ್ಯದಲ್ಲಿ ಒಂದು ಗಣ ತಪ್ಪಿದರೂ ಹಿಡಿಯಬಲ್ಲ ಕಿವಿ ನನ್ನದೆಂದು ತರಗತಿಯಲ್ಲಿ ಹಲವು ಸಲ ಹೇಳಿಕೊಂಡಿದ್ದೇನೆ. ಆ ಕಿವಿಯ ಮೇಲಣ ಭರವಸೆಯೇ ಈಚೆಗೆ ನಮ್ಮ ಮನೆಯಲ್ಲಿ ಎರಡು ತಿಂಗಳ ಅಶಾಂತಿಗೂ 2,000 ರೂಪಾಯಿಗಳಿಗೆ ಮಿಕ್ಕ ವೆಚ್ಚಕ್ಕೂ ಕಾರಣವಾಯಿತೆಂಬುದನ್ನು ವಾಚಕ ಮಹಾಶಯರ ಮುಂದೆ ಒಪ್ಪಿಕೊಳ್ಳದೆ ವಿಧಿಯಿಲ್ಲ.

ನನ್ನ ಮಗನಿಗೆ 11 ವರ್ಷ. ಅವನ ಹುಟ್ಟುಹಬ್ಬಕ್ಕೆಂದು ನನ್ನ ಭಾವಮೈದುನ ರೇಡಿಯೋದಿಂದ ನಡೆಯುವ ಕಾರೊಂದನ್ನು ತಂದುಕೊಟ್ಟ. ನಿಜವಾದ ಕಾರಿನ 10ರಲ್ಲಿ 1 ಪಾಲಿನ ಗಾತ್ರ. ಆಟದ ಸಾಮಾನೆಂದು ಉದಾಸೀನ ಮಾಡುವಂಥದಲ್ಲ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯ ನಂಟಿಲ್ಲದೆ ನಡೆಸಿ ತೋರಿಸಿದಾಗ ಜನ ಬೆರಗಾದರಂತೆ. 1976ರಲ್ಲಿ ಜಪಾನಿನ ತಮಿಯಾ ಸಂಸ್ಥೆ ಪೋರ್ಷೆ 934 ಕಾರಿನ ಚಿಕ್ಕ ಪ್ರತಿರೂಪವನ್ನು ಮಾರಾಟಕ್ಕೆ ತಂದಿತು. ಅಲ್ಲಿಂದ ಮುಂದಕ್ಕೆ ಈ ವಿದ್ಯೆ ವಿಜ್ಞಾನಿಗಳ ಕೈಯಿಂದ ಮಕ್ಕಳ ಕೈಗೂ, ಮಕ್ಕಳ ನೆಪದಲ್ಲಿ ತಂದೆಯರ ಕೈಗೂ ಬಂದಿತು.

ಮೇಲಿನ ಹೊದಿಕೆ ತೆಗೆದರೆ ಒಳಗೊಂದು ಸಣ್ಣ ಕಾರ್ಖಾನೆಯೇ ಇದೆ. ಮೋಟಾರಿನ ತುದಿಯಲ್ಲಿ 15 ಹಲ್ಲುಗಳ ಉಕ್ಕಿನ ಪಿನಿಯನ್. ಅದು 54 ಹಲ್ಲುಗಳ ಪ್ಲಾಸ್ಟಿಕ್ ಚಕ್ರವನ್ನು ತಿರುಗಿಸುತ್ತದೆ. ಮೋಟಾರು 18 ಸುತ್ತು ಸುತ್ತಿದಾಗ ದೊಡ್ಡ ಚಕ್ರ ಸುತ್ತುವುದು 5 ಸುತ್ತು. ಆ ಚಕ್ರದ ಪಕ್ಕಕ್ಕೇ ಒಂದು ಕ್ಲಚ್ಚು: ಒಂದು ತಟ್ಟೆ, ಒಂದು ಸ್ಪ್ರಿಂಗು, ಅದನ್ನು ಅದುಮಿ ಹಿಡಿಯುವ ಒಂದು ನಟ್ಟು. ಅದರಾಚೆ ಡಿಫರೆನ್ಶಿಯಲ್. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಷ್ಟೆ. ಆ ವ್ಯತ್ಯಾಸವನ್ನು ಸರಿದೂಗಿಸುವ ಹಲ್ಲುಚಕ್ರಗಳ ಗುಂಪು ಅದು. ಅಲ್ಲಿಂದ ಎರಡು ಕಡ್ಡಿಗಳು ಗಾಲಿಗಳಿಗೆ ಹೋಗುತ್ತವೆ.

ಮೊದಲ ವಾರ ಎಲ್ಲವೂ ಸುಗಮವಾಗಿತ್ತು. ಆದರೆ ಗಾಡಿ ಹೊರಡುವಾಗಲೆಲ್ಲ ಒಂದೆರಡು ಅಡಿಯವರೆಗೆ ಸಿಳ್ಳಿನಂಥ ಒಂದು ಸಣ್ಣ ಸದ್ದು. ನನ್ನ ಕಿವಿ ಅದನ್ನು ಛಂದೋಭಂಗವೆಂದು ತೀರ್ಮಾನಿಸಿತು. ಹುಡುಗ ಶಾಲೆಗೆ ಹೋಗಿದ್ದಾಗ ಗಾಡಿಯನ್ನು ಬಿಚ್ಚಿ, ಸಡಿಲವಾಗಿದ್ದ ನಟ್ಟನ್ನು ಭದ್ರವಾಗಿ ಬಿಗಿದೆ. ಸಿಕ್ಕಿದ ಹಲ್ಲುಗಳಿಗೆಲ್ಲ ಗ್ರೀಸು ಬಳಿದೆ. ಸದ್ದು ನಿಂತಿತು. ಗಾಡಿ ಬಾಣದಂತೆ ಚಿಮ್ಮಿತು. ತಂದೆಯೆಂಬ ಹೆಮ್ಮೆಯಿಂದ ಆ ಸಂಜೆ ಎರಡು ಲೋಟ ಕಾಫಿ ಕುಡಿದೆ.

ನಾಲ್ಕನೆಯ ದಿನ ಪ್ಲಾಸ್ಟಿಕ್ ಚಕ್ರದ ಹಲ್ಲು ಮುರಿಯಿತು. ಎಸ್. ಪಿ. ರಸ್ತೆಯನ್ನೆಲ್ಲ ಅಲೆದು ಹೊಸದನ್ನು ತಂದೆ. ಹತ್ತು ದಿನಗಳಲ್ಲಿ ಅದೂ ಹೋಯಿತು. ಹುಡುಗ ಹಲಗೆಯೊಂದನ್ನು ಇಟ್ಟಿಗೆಗೆ ಒರಗಿಸಿ ಗಾಡಿಯನ್ನು ಹಾರಿಸುತ್ತಿದ್ದುದನ್ನು ನಾನು ಕಂಡಿದ್ದೆ. “ನಿನ್ನ ಒರಟುತನಕ್ಕೆ ಬ್ರಹ್ಮ ಮಾಡಿದ ಗಾಡಿಯೂ ತಾಳದು” ಎಂದು ಗದರಿಸಿದೆ. ಅವನು ಏನೋ ಹೇಳಬಂದ, ನಾನು ಕೇಳಲಿಲ್ಲ. ಅಂಗಡಿಯವರ ಸಲಹೆಯಂತೆ ಈ ಸಲ ಉಕ್ಕಿನ ಚಕ್ರವನ್ನೇ ಹಾಕಿಸಿದೆ. ಅದೇನೋ ಮುರಿಯಲಿಲ್ಲ. ಅದರ ಬದಲು ಡಿಫರೆನ್ಶಿಯಲ್ಲಿನೊಳಗಿನ ಚಕ್ರಗಳು ಪುಡಿಯಾದವು. ಅವನ್ನು ಬದಲಾಯಿಸಿದರೆ ಗಾಲಿಯ ಕಡ್ಡಿ ಬಾಗಿತು. ವಾತದ ನೋವು ಮಂಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಸರಿಯುವ ಹಾಗೆ! ಪ್ರತಿ ಸಲವೂ ಬೈಗುಳ ಹುಡುಗನಿಗೇ. ಕಡೆಗೆ ಅವನು ಗಾಡಿಯನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿಬಿಟ್ಟ. ನಾನು ಕರೆದರೂ “ಬೇಡ ಅಪ್ಪಾ, ಮುರಿದುಹೋಗುತ್ತೆ” ಎಂದ. “ಮಗು ಆಡುವುದನ್ನೇ ಬಿಟ್ಟಿತಲ್ಲ, ಇನ್ನಾದರೂ ಸಮಾಧಾನವೇ?” ಎಂದು ಮನೆಯಾಕೆ ಕೇಳಿದಳು. ಉತ್ತರ ಹೊಳೆಯಲಿಲ್ಲ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಫಿಟ್ಟರೊಬ್ಬರಿದ್ದಾರೆ. ಒಂದು ಭಾನುವಾರ ಪೆಟ್ಟಿಗೆಯನ್ನು ಅವರಲ್ಲಿಗೆ ಒಯ್ದೆ. ಅವರು ಗಾಡಿಯನ್ನು ನೋಡುವ ಮೊದಲು ಮುರಿದ ಚಕ್ರಗಳನ್ನು ಕೇಳಿದರು. ಪುಣ್ಯಕ್ಕೆ ನಾನು ಎಸೆದಿರಲಿಲ್ಲ.

“ಹಲ್ಲು ಸುತ್ತಲೂ ಸಮನಾಗಿ ಸವೆದಿದ್ದರೆ ಧೂಳು, ಇಲ್ಲವೇ ಎರಡು ಚಕ್ರಗಳ ಹೊಂದಾಣಿಕೆ ಸರಿಯಿಲ್ಲ. ಒಂದೇ ಕಡೆ ಅರ್ಧಚಂದ್ರದಂತೆ ಕರಗಿದ್ದರೆ ಮೋಟಾರಿನ ತಿರುಪು ಸಡಿಲಿ ಪಿನಿಯನ್ ಹಿಂದೆ ಸರಿದಿದೆ. ನಿಮ್ಮದು ನೋಡಿ ಮೇಷ್ಟ್ರೇ, ಮೂರೇ ಹಲ್ಲು, ಕಚ್ಚಿದ ಹಾಗೆ ಹೋಗಿವೆ. ಇದು ಏಟು. ಕ್ಲಚ್ಚಿನ ನಟ್ಟನ್ನು ಯಾರಾದರೂ ಮುಟ್ಟಿದ್ದರೇ?”

ನಾನು ಮುಟ್ಟಿದ್ದೆನೆಂದು ಹೇಳಿದೆ. ಸದ್ದಿನ ವಿಷಯವನ್ನೂ ಹೇಳಿದೆ.

“ಆ ಸದ್ದೇ ಅದರ ಉಸಿರು” ಎಂದರು. ಮೋಟಾರು ಒಮ್ಮೆಗೇ ಎಳೆದಾಗ, ಅಥವಾ ಗಾಳಿಯಲ್ಲಿ ಭರ್ರನೆ ತಿರುಗುತ್ತಿರುವ ಗಾಲಿ ನೆಲಕ್ಕೆ ತಾಕಿ ತಟಕ್ಕನೆ ತಡೆದಾಗ, ಆ ಏಟನ್ನು ನುಂಗುವುದಕ್ಕಾಗಿ ಕ್ಲಚ್ಚು ತುಸು ಜಾರಬೇಕು. ಜಾರುವ ದಾರಿಯನ್ನು ನಾನು ಮುಚ್ಚಿದ್ದೆ. ಏಟು ಅತ್ಯಂತ ದುರ್ಬಲವಾದ ಭಾಗವನ್ನು ಹುಡುಕಿಕೊಂಡು ಹೋಗಿತ್ತು. ಉಕ್ಕಿನ ಚಕ್ರ ಹಾಕಿಸಿದ್ದು, ಅವರ ಮಾತಿನಲ್ಲಿ, ಫ್ಯೂಸು ಪದೇಪದೇ ಸುಡುತ್ತದೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಕಟ್ಟಿದ ಹಾಗೆ. ಅಗ್ಗದ ಪ್ಲಾಸ್ಟಿಕ್ ಹಲ್ಲು ಮುರಿಯುವುದೇ ಲೇಸು; ದುಬಾರಿಯಾದ ಒಳಭಾಗಗಳು ಉಳಿಯುತ್ತವೆ.

ಮುಂದಿನ ಕೆಲಸಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ನಾನು ಬಳಿದ ಗ್ರೀಸಿಗೆ ಮರಳು ಅಂಟಿ ಸಾಣೆಹಿಡಿಯುವ ಹಿಟ್ಟಿನಂತಾಗಿತ್ತು. ಅದನ್ನು ಒರೆಸಿ ತೆಗೆದರು. ಹೊರಗೆ ತೆರೆದಿರುವ ಪ್ಲಾಸ್ಟಿಕ್ ಹಲ್ಲಿಗೆ ಜಿಡ್ಡು ಬೇಡವಂತೆ. ಮತ್ತೆ ಪ್ಲಾಸ್ಟಿಕ್ ಚಕ್ರವನ್ನೇ ಕೂರಿಸಿ, ನನ್ನ ಜೇಬಿನಲ್ಲಿದ್ದ ಟಿಪ್ಪಣಿ ಪುಸ್ತಕದಿಂದ ಒಂದು ಕಾಗದದ ಪಟ್ಟಿ ಹರಿದು ಎರಡು ಚಕ್ರಗಳ ನಡುವೆ ಇಟ್ಟರು. ಮೋಟಾರನ್ನು ಅದಕ್ಕೆ ಒತ್ತಿ ಹಿಡಿದು ತಿರುಪು ಬಿಗಿದು, ಚಕ್ರ ತಿರುಗಿಸಿ ಕಾಗದವನ್ನು ಹೊರಗೆ ತೆಗೆದರು. ಮಡಿಕೆ ಮಡಿಕೆಯಾಗಿ ಬಂತು, ಹರಿದಿರಲಿಲ್ಲ. ಆ ಕಾಗದದ ದಪ್ಪದಷ್ಟೇ ಸಡಿಲು ಹಲ್ಲುಗಳಿಗೆ ಬೇಕು. ಮೋಟಾರಿನ ತಿರುಪುಗಳಿಗೆ, ಲೋಹಕ್ಕೆ ಲೋಹ ಸೇರುವೆಡೆ, ನೀಲಿಬಣ್ಣದ ತಿರುಪಿನ ಅಂಟು ಒಂದೊಂದು ಹನಿ; ಪ್ಲಾಸ್ಟಿಕ್ಕಿಗೆ ಸೋಕಿದರೆ ಅದು ಬಿರಿಯಬಹುದೆಂದು ಎಚ್ಚರಿಸಿದರು. ಕಡೆಗೆ ಕ್ಲಚ್ಚಿನ ನಟ್ಟನ್ನು ಪೂರ್ತಿ ಬಿಗಿದು, ಗಾಡಿಯ ಕೈಪಿಡಿಯಲ್ಲಿ ಹೇಳಿದಂತೆ ಅರ್ಧ ಸುತ್ತು ಹಿಂದಕ್ಕೆ ಬಿಟ್ಟರು. ಆ ಕೈಪಿಡಿಯನ್ನು ನಾನು ತೆರೆದೇ ಇರಲಿಲ್ಲ. ಪಾಠ್ಯವನ್ನು ಓದದೆ ವ್ಯಾಖ್ಯಾನ ಬರೆಯುವ ವಿದ್ಯಾರ್ಥಿಗಳಿಗೆ ನಾನು ಎಷ್ಟು ಅಂಕ ಕೊಡುತ್ತೇನೆಂಬುದು ಬೇಡ. ಅಂಗಡಿಯವರು 7.4 ವೋಲ್ಟಿನ ಬ್ಯಾಟರಿಗೆ ಬದಲು 11.1 ವೋಲ್ಟಿನದನ್ನು ಕೊಡಬಂದಿದ್ದರೆಂದಾಗ, “ಮೋಟಾರು ಒಂದೂವರೆಪಟ್ಟು ವೇಗ, ಮುರಿಯುವುದೂ ಅದೇ ವೇಗ” ಎಂದು ನಕ್ಕರು.

ಮನೆಗೆ ಬಂದು ಮಗನಿಗೆ ಹೇಳಬೇಕಾಗಿತ್ತು. ಇನ್ನೂರು ವಿದ್ಯಾರ್ಥಿಗಳ ಮುಂದೆ ಮಾತನಾಡುವುದು ಇದಕ್ಕಿಂತ ಸುಲಭ. “ತಪ್ಪು ನಿನ್ನದಲ್ಲಪ್ಪ, ನನ್ನದು” ಎಂದೆ. ಅವನು ಸ್ವಲ್ಪ ಹೊತ್ತು ಗಾಡಿಯನ್ನೇ ನೋಡಿದ. “ಸದ್ದು ನಿಂತ ಮೇಲೇ ಮುರಿಯೋಕೆ ಶುರುವಾಯಿತು. ನಾನು ಅವತ್ತೇ ಹೇಳೋಕೆ ಬಂದೆ” ಎಂದ.

ಸಂಜೆ ಹಲಗೆ ಮತ್ತೆ ಇಟ್ಟಿಗೆಗೆ ಒರಗಿತು. ಹಾರಿದ ಕೂಡಲೇ ವೇಗದ ಗುಂಡಿಯಿಂದ ಬೆರಳು ತೆಗೆಯಬೇಕೆಂದು ಫಿಟ್ಟರ್ ತಾತನೇ ಬಂದು ಕಲಿಸಿದರು. ಆಮೇಲೆ ಆರು ವಾರಗಳಾದವು. ಬಿಡಿಚಕ್ರ ಇನ್ನೂ ಪೊಟ್ಟಣದಲ್ಲಿದೆ. ಹುಡುಗ ಈಗ ನಟ್ಟಿನ ಮೇಲೂ ಅದರ ಪಕ್ಕದ ತಟ್ಟೆಯ ಮೇಲೂ ತಾಯಿಯ ಉಗುರುಬಣ್ಣದಿಂದ ಒಂದೇ ನೇರಕ್ಕೆ ಗೆರೆ ಎಳೆದಿದ್ದಾನೆ. ಯಾರಾದರೂ ತಿರುಗಿಸಿದರೆ ಗೊತ್ತಾಗಬೇಕಂತೆ. ಆ ಯಾರಾದರೂ ಯಾರೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ.