ಒಬ್ಬರನ್ನಾದರೂ ಒಳಗೆ ಬಿಡಿ

2021ರ ಜುಲೈನಲ್ಲಿ ಮಲೇಷ್ಯಾದ ಕೌಲಾಲಂಪುರ, ಕ್ಲಾಂಗ್ ಸುತ್ತಮುತ್ತಲ ಆಸ್ಪತ್ರೆಗಳು ತುಂಬಿ ತುಳುಕುತ್ತಿದ್ದವು. ನಮ್ಮತ್ತೆ ಕೋವಿಡ್ ವಾರ್ಡಿನಲ್ಲಿದ್ದರು. ಅವರಿಗೆ ಬರುವುದು ಕನ್ನಡವೊಂದೇ. ನರ್ಸ್‌ಗಳದು ಮಲಯ್, ಇಂಗ್ಲಿಷ್. ಹಲ್ಲುಸೆಟ್ಟು, ಫೋನ್ ಚಾರ್ಜರ್ ಇದ್ದ ಚೀಲವನ್ನು ಗೇಟಿನ ಗಾರ್ಡ್ ಕೈಗೆ ಕೊಟ್ಟು ಬಂದೆವು. ಅದು ಮರುದಿನ ವಾರ್ಡ್ ಸೇರಿತು. ಅಷ್ಟರಲ್ಲಿ ಫೋನ್ ಆಫ್ ಆಗಿ, ನೋವು ಎಲ್ಲಿದೆ ಎಂದು ಹೇಳಲೂ ಅವರಿಗೆ ಯಾರೂ ಇರಲಿಲ್ಲ.

ರೋಗಿಗಳ ಮನೆಯವರನ್ನು ಒಳಬಿಡದೆ ಬಾಗಿಲು ಹಾಕಿದ್ದೇ ತಪ್ಪು ಎನ್ನಲಾರೆ. ಸೋಂಕು ತಡೆಯಲು 1988ರ ಸಾಂಕ್ರಾಮಿಕ ರೋಗ ಕಾಯ್ದೆ ಇಲ್ಲಿನ ಸರ್ಕಾರಕ್ಕೆ ಬೇಕಾದಷ್ಟು ಅಧಿಕಾರ ಕೊಟ್ಟಿದೆ. ಆದರೆ ಲಸಿಕೆ ಪಡೆದು, ಪಿಪಿಇ ತೊಟ್ಟ ಒಬ್ಬರನ್ನು ಹತ್ತು ನಿಮಿಷ ಒಳಬಿಡುವುದು ಆಗದ ಮಾತಲ್ಲ. ಸಾಯುವವರ ಮಟ್ಟಿಗಂತೂ ಬಿಡಲೇಬೇಕು. ಮುಂದಿನ ಪಿಡುಗು ಬರುವ ಮೊದಲೇ ಮಲೇಷ್ಯಾದ ಆರೋಗ್ಯ ಸಚಿವಾಲಯ ಇದನ್ನು ನಿಯಮವಾಗಿ ಬರೆದಿಡಲಿ.